ಪದ ಬೇಕು: ಆರೋಗ್ಯದ ಕೆಲಸದ ‘ಇವ್ಯಾಲ್ಯುಯೇಶನ್’ಗೆ ‘ಮೌಲ್ಯಮಾಪನ’ ಸರಿಯಾ?

ಪ್ರಶ್ನೆ, ದಾವಣಗೆರೆಯಿಂದ

ಗೆಳೆಯರೇ, ಸ್ವಲ್ಪ ಅರ್ಜೆಂಟ್ ಇದೆ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಬೋರ್ಡಿನ ಸಾಲು ಕೊಡಬೇಕು. ಡಿಗ್ರಿ ಮುಗಿಸಿ ಎರಡು ವರ್ಷದ ಎಂ.ಪಿ.ಎಚ್. (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಓದುವವರಿಗೆ ಒಂದು ತರಬೇತಿ ಇದೆ. ಹೆಸರು ‘ಕಮ್ಯುನಿಟಿ ಹೆಲ್ತ್ ಪ್ರೋಗ್ರಾಂ ಪ್ಲಾನಿಂಗ್ ಅಂಡ್ ಇವ್ಯಾಲ್ಯುಯೇಶನ್’. ನನ್ನ ಕೈಗೆ ಬಂದಿರುವ ಕರಡು ಹೀಗಿದೆ: ‘ಸಮುದಾಯ ಆರೋಗ್ಯ ಕಾರ್ಯಕ್ರಮ ಯೋಜನೆ ಮತ್ತು ಮೌಲ್ಯಮಾಪನ’.

ಓದಿದರೆ ಎಲ್ಲ ಕಡೆ ಎಡವುತ್ತದೆ. ‘ಸಮುದಾಯ’ ಅಂದ ಕೂಡಲೇ ನಮ್ಮ ಕಡೆ ಜಾತಿ ನೆನಪಾಗುತ್ತದೆ. ‘ಕಾರ್ಯಕ್ರಮ’ ಅಂದರೆ ಶಾಮಿಯಾನ, ಹಾರ, ಮೈಕು. ‘ಯೋಜನೆ’ ಅಂದರೆ ಸರ್ಕಾರದ ಸ್ಕೀಮು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಮೌಲ್ಯಮಾಪನ’. ಹೋದ ವರ್ಷ ಜಗಳೂರು ಕಡೆಯ ಒಂದು ಹಳ್ಳಿಗೆ ‘ಮೌಲ್ಯಮಾಪನಕ್ಕೆ ಬರುತ್ತೇವೆ’ ಅಂತ ಹೇಳಿ ಕಳಿಸಿದ್ದೆವು. ಆಶಾ ಕಾರ್ಯಕರ್ತೆ ತನ್ನ ರಿಜಿಸ್ಟರುಗಳಿಗೆಲ್ಲ ಹೊಸದಾಗಿ ಕಂದು ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಎದೆಗೆ ಅವುಚಿಕೊಂಡು ನಿಂತಿದ್ದಳು. ಮೊದಲು ಕೇಳಿದ್ದೇ, ‘ಎಷ್ಟು ಮಾರ್ಕ್ಸ್ ಹಾಕ್ತೀರಿ ಮೇಡಂ?’ ಅವಳ ಕೈ ನಡುಗುತ್ತಿತ್ತು. ನಾವು ನೋಡಲು ಹೋಗಿದ್ದು ಅವಳನ್ನಲ್ಲ, ಕೆಲಸ ಕೈಗೂಡಿದೆಯಾ ಅಂತ. ಈ ವ್ಯತ್ಯಾಸ ಹೇಳುವ ಪದ ಬೇಕು.

ಉತ್ತರ, ಚಿತ್ರದುರ್ಗದಿಂದ

ಮೌಲ್ಯಮಾಪನ ಬೇಡವೇ ಬೇಡ. ‘ಮೌಲ್ಯ’ ಅಂದರೆ ಬೆಲೆ. ನೀವು ಬೆಲೆ ಕಟ್ಟಲು ಹೋಗಿದ್ದಿರಾ? ನಮ್ಮದೇ ‘ಒರೆ’ ಇದೆಯಲ್ಲ. ಚಿನ್ನವನ್ನು ಒರೆಗೆ ಹಚ್ಚುತ್ತೇವೆ. ಒರೆ, ಒರಸು ಎರಡಕ್ಕೂ ಬೇರು ಒಂದೇ, ತಮಿಳಿನ ‘ಉರೈ’ ಅದರ ಒಡಹುಟ್ಟು. ‘ಒರೆನೋಟ’ ಅಂತ ಬರೆಸಿ. ಪ್ಲಾನಿಂಗಿಗೆ ‘ಹಮ್ಮುಗೆ’. ಬಳಸುತ್ತಾ ಹೋದರೆ ರೂಢಿ ತಾನಾಗಿ ಬರುತ್ತದೆ. ಬಳಸದೆಯೇ ‘ಅರ್ಥ ಆಗಲ್ಲ’ ಅನ್ನುವವರಿಗೆ ನನ್ನಲ್ಲಿ ಉತ್ತರ ಇಲ್ಲ.

ಉತ್ತರ, ಹರಿಹರದಿಂದ

ಮೇಷ್ಟ್ರೇ, ಪಿ.ಬಿ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಓದುವವರಿಗೆ ಹಮ್ಮು ಅಂದರೆ ಸೊಕ್ಕು. ಒರೆ ಅಂದರೆ ಕತ್ತಿ ಇಡುವ ಒರೆ. ಬೋರ್ಡು ನಿಘಂಟಲ್ಲ. ಹೆಸರಿನಲ್ಲೇ ‘ಮೌಲ್ಯಮಾಪನ ಪ್ರಾಧಿಕಾರ’ ಅಂತ ಇರುವ ಸಂಸ್ಥೆ ರಾಜ್ಯ ಸರ್ಕಾರದ್ದೇ ಇದೆ, ಪದ ನಿಂತಿದೆ. ಹಾಕಿ ಮುಗಿಸಿ.

ದಾವಣಗೆರೆಯಿಂದ ಮತ್ತೆ

ಇಬ್ಬರಿಗೂ ಥ್ಯಾಂಕ್ಸ್. ಆದರೆ ಪದ ನಿಂತಿರುವುದು ಉತ್ತರ ಪತ್ರಿಕೆ ತಿದ್ದುವ ಕೇಂದ್ರದಲ್ಲಿ. ಔಟ್‌ಕಮ್ ಅನ್ನುವುದಕ್ಕೆ ‘ಫಲಿತಾಂಶ’ ಅಂದರೂ ಅದೇ ಕಥೆ, ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ. ತರಬೇತಿಯಲ್ಲಿ ಕಲಿಸುವುದು ಏನು ಅಂತ ಹೇಳುತ್ತೇನೆ, ಆಮೇಲೆ ಪದ ಕೊಡಿ.

ಜಗಳೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಒಂದು ಊರಿಗೆ ಶುದ್ಧ ನೀರಿನ ಘಟಕ ಬಂತು ಅನ್ನಿ. ಘಟಕ ಕೂರಿಸಿದ್ದು ಔಟ್‌ಪುಟ್. ಎಷ್ಟು ಮನೆಯವರು ಆ ನೀರನ್ನೇ ಕುಡಿಯುತ್ತಾರೆ, ಅಡುಗೆಗೂ ಅದನ್ನೇ ಬಳಸುತ್ತಾರಾ, ಇದು ಔಟ್‌ಕಮ್. ಫ್ಲೋರೈಡಿನಿಂದ ಮಕ್ಕಳ ಹಲ್ಲಿಗೆ ಹಿಡಿಯುವ ಕಂದು ಕಲೆ ಕಡಿಮೆಯಾಯಿತಾ ಅನ್ನುವುದು ಇಂಪ್ಯಾಕ್ಟ್. ಕಾಯಂ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ, ಸುಮಾರು 8 ವರ್ಷದೊಳಗೆ, ಈ ಕಲೆ ಹಿಡಿಯುತ್ತದೆ. ಆಮೇಲೆ ನೀರು ಬದಲಿಸಿದರೂ ಹಿಡಿದ ಕಲೆ ಹೋಗುವುದಿಲ್ಲ. ಈ ವರ್ಷ ಘಟಕ ಹಾಕಿ ಮುಂದಿನ ವರ್ಷ ಹೈಸ್ಕೂಲ್ ಮಕ್ಕಳ ಹಲ್ಲು ನೋಡಿ ‘ಪ್ರಯೋಜನ ಇಲ್ಲ’ ಅಂದರೆ ಅದು ತಪ್ಪು ಲೆಕ್ಕ. ಯಾರ ಹಲ್ಲು, ಯಾವಾಗ ನೋಡಬೇಕು ಅಂತ ಕೆಲಸ ಶುರುವಾಗುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಘಟಕ ಬರುವ ಮುಂಚಿನ ಸ್ಥಿತಿಯನ್ನೂ ಬರೆದಿಟ್ಟುಕೊಳ್ಳಬೇಕು. ಪ್ಲಾನಿಂಗ್, ಇವ್ಯಾಲ್ಯುಯೇಶನ್ ಎರಡನ್ನೂ ಒಟ್ಟಿಗೆ ಕಲಿಸುವುದು ಇದಕ್ಕೇ.

ಚಿತ್ರದುರ್ಗದಿಂದ

ಈಗ ನೀವೇ ಔಟ್‌ಪುಟ್, ಔಟ್‌ಕಮ್ ಅಂತ ಬರೆದಿರಿ. ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟರೆ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ. ಮಾಡಿದ್ದು, ಬದಲಾದದ್ದು, ಉಳಿದದ್ದು. ಮೂರೂ ಕನ್ನಡ.

ಹರಿಹರದಿಂದ

‘ಅಂದಾಜು’ ಪಾರ್ಸಿ. ‘ದಾಖಲೆ’ ಅರಬ್ಬಿ. ‘ಆಸ್ಪತ್ರೆ’ ಬಂದದ್ದು ಹಾಸ್ಪಿಟಲ್‌ನಿಂದ. ಇವನ್ನು ಬಿಟ್ಟು ಒಂದು ದಿನ ಮಾತಾಡಿ ನೋಡಿ. ಬಂದ ಪದ ನಮ್ಮ ಬಾಯಿಗೆ ಒಗ್ಗಿದ ಮೇಲೆ ಅದು ನಮ್ಮದೇ.

ದಾವಣಗೆರೆಯಿಂದ, ಬೆಳಿಗ್ಗೆ

‘ಮಾಡಿದ್ದು, ಬದಲಾದದ್ದು, ಉಳಿದದ್ದು’ ನನಗೆ ತುಂಬಾ ಹಿಡಿಸಿತು ಮೇಷ್ಟ್ರೇ, ಪಾಠದ ಹಾಳೆಯಲ್ಲಿ ಖಂಡಿತ ಬಳಸುತ್ತೇನೆ. ಬೋರ್ಡಿಗೆ ಪದ ಆ ಹಳ್ಳಿಯಲ್ಲೇ ಇತ್ತು, ರಾತ್ರಿ ನೆನಪಾಯಿತು. ಮಾರ್ಕ್ಸ್ ಇಲ್ಲ ಅಂತ ಗೊತ್ತಾದ ಮೇಲೆ ಆಶಾ ಪಕ್ಕದ ಮನೆಯವರಿಗೆ ಹೇಳಿದ್ದಳು: ‘ಏನಿಲ್ಲ ಅಕ್ಕ, ನೀರು ಬದಲಾಯ್ಸಿದ್ದು ಗುಣ ಕಂಡೈತಾ ಅಂತ ನೋಡ್ತಾರಂತೆ.’ ಔಷಧಿಗೆ ನಾವೆಲ್ಲ ಅನ್ನುವ ಮಾತು ಅಲ್ವಾ? ‘ಗುಣ’ ಸಂಸ್ಕೃತದ್ದೇ, ಆದರೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪೇಂಟರ್‌ಗೆ ಕೊಟ್ಟ ಸಾಲು: ‘ಊರಿನ ಆರೋಗ್ಯ: ಕೆಲಸ ರೂಪಿಸುವುದು, ಗುಣ ಕಂಡಿತೇ ನೋಡುವುದು’. ಕೆಳಗೆ ಸಣ್ಣಕ್ಷರದಲ್ಲಿ ‘ಯೋಜನೆ ಮತ್ತು ಮೌಲ್ಯಮಾಪನ, ಎಂ.ಪಿ.ಎಚ್. ತರಬೇತಿ’.

ಮುಂದಿನ ವಾರ ಕರಪತ್ರ ಇದೆ. ಮಾನಿಟರಿಂಗ್‌ಗೆ ‘ಮೇಲ್ವಿಚಾರಣೆ’ ಅಂದರೆ ಮೇಲಧಿಕಾರಿ ಬಂದಂತೆ ಆಗುತ್ತದೆ. ‘ನಿಗಾ’ ಹಾಕಲಾ?