ಅಪ್‌ಡೇಟ್: ಹಾಲಿನ ಲೆಕ್ಕದ ಟೇಬಲ್‌ಗೆ ಹೊಸ ಕಾಲಂ ಸೇರಿಸಿದ ಬಗೆ

ಮಂಡ್ಯ ಸುತ್ತಲಿನ ಹಳ್ಳಿ ಡೈರಿಗಳ ಹಾಲಿನ ಲೆಕ್ಕವಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ, ಬೆಳಿಗ್ಗೆ ಮತ್ತು ಸಂಜೆಯ ನೂಕುನುಗ್ಗಲಿಗೆ ಅಡ್ಡಿಯಾಗದಂತೆ, ಖಾಲಿ ಬಿಡಬಾರದ ‘ಮಾರ್ಗ ಸಂಖ್ಯೆ’ ಕಾಲಂ ಅನ್ನು ಸೇರಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ಕೆಲಸ ಮುಗಿದಿದೆ, ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲಿಗೆ ಖಾಲಿ ಕಾಲಂ ಸೇರಿಸುವುದು ಕ್ಷಣದ ಕೆಲಸ. ನಿಜವಾದ ಅಪಾಯವಿರುವುದು ಸರತಿಯಲ್ಲಿ: ಯಾವುದೋ ದೀರ್ಘ ವರದಿಯ ಕ್ವೆರಿ ಟೇಬಲ್ ಅನ್ನು ಹಿಡಿದಿರುವಾಗ ಕಾಲಂ ಸೇರಿಸುವ ‘ಆಲ್ಟರ್ ಟೇಬಲ್’ ಆದೇಶವು ಸಂಪೂರ್ಣ ಲಾಕ್‌ಗಾಗಿ (ಬೇರೆ ಯಾರೂ ಟೇಬಲ್ ಮುಟ್ಟದಂತೆ ತಡೆಯುವ ಬೀಗ) ಕಾಯುತ್ತ ನಿಲ್ಲುತ್ತದೆ, ಅದರ ಹಿಂದೆ ಬರುವ ಸಾಮಾನ್ಯ ಓದು-ಬರಹಗಳೂ ಕಿರುಸೇತುವೆಯ ಮೇಲೆ ಕೆಟ್ಟುನಿಂತ ಕಬ್ಬಿನ ಲಾರಿಯ ಹಿಂದಿನ ವಾಹನಗಳಂತೆ ಸಾಲುಗಟ್ಟುತ್ತವೆ. ಆದ್ದರಿಂದ ಲಾಕ್‌ಗಾಗಿ ಕಾಯುವ ಮಿತಿಯಾದ ‘ಲಾಕ್ ಟೈಮ್‌ಔಟ್’ ಅನ್ನು 2 ಸೆಕೆಂಡಿಗೆ ಇಟ್ಟು, ಲಾಕ್ ಸಿಗದಿದ್ದರೆ ಬಿಟ್ಟು ಮತ್ತೆ ಯತ್ನಿಸುವಂತೆ ಸ್ಕ್ರಿಪ್ಟ್ ಬರೆದೆವು. ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಸಲಹೆ ಇದೇ.

ಮೊದಲು ಅಪ್ಲಿಕೇಶನ್ ಹೊಸ ಸಾಲುಗಳಿಗೆ ಮೌಲ್ಯ ಬರೆಯುವಂತೆ ಮಾಡಿ, ಅನಂತರ ಹಳೆಯ ಸಾಲುಗಳನ್ನು ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಮೌಲ್ಯ) ಕ್ರಮದಲ್ಲಿ ಸಣ್ಣ ಸಣ್ಣ ಕಂತುಗಳಾಗಿ, ಪ್ರತಿ ಕಂತಿಗೂ ಕಮಿಟ್ ಮಾಡುತ್ತ (ಬದಲಾವಣೆಯನ್ನು ಖಾಯಂಗೊಳಿಸುತ್ತ) ತುಂಬಿದೆವು. ಪ್ರತಿಯೊಂದು ಅಪ್‌ಡೇಟ್ ಹಳೆಯ ಸಾಲಿನ ಪ್ರತಿಯನ್ನು ಉಳಿಸಿಹೋಗುವುದರಿಂದ ನಡುನಡುವೆ ಆ ಪ್ರತಿಗಳನ್ನು ತೆರವುಗೊಳಿಸುವ ವ್ಯಾಕ್ಯೂಮ್ ಅಗತ್ಯವಾಯಿತು.

ಖಾಲಿ ಇರಕೂಡದೆಂಬ ನಿರ್ಬಂಧವನ್ನು ‘ನಾಟ್ ವ್ಯಾಲಿಡ್’ ಚೆಕ್ ಆಗಿ (ಹಳೆಯ ಸಾಲುಗಳನ್ನು ಆಗಲೇ ಪರೀಕ್ಷಿಸದ ನಿಯಮ) ಸೇರಿಸಿ, ಬರಹಗಳನ್ನು ತಡೆಯದೆ ಹಳೆಯ ಸಾಲುಗಳನ್ನು ಪರೀಕ್ಷಿಸುವ ‘ವ್ಯಾಲಿಡೇಟ್’ ಹಂತವನ್ನು ಪ್ರತ್ಯೇಕವಾಗಿ ನಡೆಸಿದೆವು. ಪೋಸ್ಟ್‌ಗ್ರೆಸ್‌ನ 12ನೇ ಆವೃತ್ತಿಯಿಂದ, ಕಾಲಂ ಅನ್ನು ಖಾಲಿ ಬಿಡಬಾರದ್ದಾಗಿಸುವ ‘ಸೆಟ್ ನಾಟ್ ನಲ್’ ಆದೇಶವು ಈ ಚೆಕ್ ಅನ್ನೇ ಆಧರಿಸಿ ಪೂರ್ಣ ತಪಾಸಣೆಯನ್ನು ಬಿಟ್ಟುಬಿಡುತ್ತದೆ. ಹುಡುಕಾಟವನ್ನು ಬೇಗವಾಗಿಸುವ ಇಂಡೆಕ್ಸ್ ಅನ್ನು, ಬರಹಗಳನ್ನು ತಡೆಯದ ‘ಕನ್‌ಕರೆಂಟ್ಲಿ’ ವಿಧಾನದಲ್ಲಿ ಕಟ್ಟಿದೆವು. ಈ ವಿಧಾನವು ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಪೂರ್ತಿ ರದ್ದಾಗುವ ಆದೇಶಗಳ ಗುಂಪು) ಒಳಗೆ ನಡೆಯದು. ಅರ್ಧಕ್ಕೆ ನಿಂತರೆ ಅಮಾನ್ಯ ಇಂಡೆಕ್ಸ್ ಉಳಿಯುವುದರಿಂದ ಅದನ್ನು ಅಳಿಸಿ ಮತ್ತೆ ಕಟ್ಟಬೇಕು.