ಪ್ಯಾಂಕ್ರಿಯಾಸ್ ಸುತ್ತ ನೀರು, ಡಾಕ್ಟರು ಕಾಯೋಣ ಅಂತಾರೆ: ಅನುಭವ ಇದ್ದವರು ಹೇಳಿ

ದಾವಣಗೆರೆಯಿಂದ:
ನಮ್ಮನೆಯವರಿಗೆ ಪಿತ್ತಕೋಶದ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿ ಈಗ ಮೂರನೇ ವಾರ. ಐಸಿಯುನಿಂದ ವಾರ್ಡಿಗೆ ಬಂದಿದ್ದಾರೆ. ಗ್ರಂಥಿಯ ಒಂದು ಭಾಗ ಸತ್ತು ಸುತ್ತ ನೀರು ನಿಂತಿದೆ ಅಂತ ಸಿಟಿ ಸ್ಕ್ಯಾನಿನಲ್ಲಿ ಬಂದಿದೆ. ಜ್ವರ ಇಲ್ಲ. ನಮ್ಮ ಮಾವ ಮಾತ್ರ ಹೊಟ್ಟೆ ಕುಯ್ಸಿ ಕ್ಲೀನ್ ಮಾಡಿಸಿಬಿಡೋಣ ಅಂತ ಹಟ ಹಿಡಿದಿದ್ದಾರೆ.

ಹುಬ್ಬಳ್ಳಿಯಿಂದ:
ಅಕ್ಕಾರ, ಕಾಯ್ರಿ. ಆ ನೀರಿನ ಸುತ್ತ ಗ್ವಾಡಿ ಗಟ್ಟಿ ಆಗಾಕ ಸುಮಾರು 4 ವಾರ ಬೇಕು. ನಮ್ಮ ಅಣ್ಣಗ ಆಮ್ಯಾಲೆ ಕೀವಾಗಿ ಚಳಿಜ್ವರ ಬಂತು. ಎಡಗಡಿ ಸೊಂಟದ ಮ್ಯಾಲಿಂದ ಸಿಟಿ ಸ್ಕ್ಯಾನ್ ನೋಡ್ಕೊಂತ ಕೀವು ಹೊರಗ ಬ್ಯಾಗಿಗೆ ಇಳಿಸಾಕ ಪಿಗ್‌ಟೇಲ್ ಟ್ಯೂಬ್ (ತುದಿ ಸುರುಳಿ ಇರೋ ಸಣ್ಣ ನಳಿಗಿ) ಹಾಕಿದ್ರು. ಹಾಕಿದ್ರ ಮುಗೀತು ಅನ್ಕೋಬ್ಯಾಡ್ರಿ. ಗಟ್ಟಿ ಚೂರು ಸಿಕ್ಕೊಂಡು ಬ್ಲಾಕ್ ಆಗತೈತಿ, ನರ್ಸ್ ಸಲೈನ್ ಬಿಟ್ಟು ತೊಳೀತಾರ, ಬ್ಯಾರೆ ದಪ್ಪ ಟ್ಯೂಬೂ ಹಾಕಬೇಕಾತು. ಬ್ಯಾಗಿನ ಅಳತಿ, ಬಣ್ಣ ದಿನಾ ಬರದಿಡ್ರಿ. ರಕ್ತ ಕಂಡ್ರ ಆಗಿಂದಾಗ ಡಾಕ್ಟರ್ನ ಕರೀರಿ.

ಸರ್ಜರಿ ವಿಭಾಗದಲ್ಲಿ ಕೆಲಸ ಮಾಡುವವರು:
ಇದನ್ನು ಮಾವನವರಿಗೆ ಓದಿ ಹೇಳಿ. ನೆದರ್‌ಲ್ಯಾಂಡ್ಸಿನಲ್ಲಿ ಸತ್ತ ಭಾಗಕ್ಕೆ ಸೋಂಕು ತಗುಲಿದ ಇಲ್ಲವೇ ತಗುಲಿರುವ ಶಂಕೆಯಿದ್ದ 88 ರೋಗಿಗಳ ಮೇಲೆ ನಡೆದ ಪ್ಯಾಂಟರ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ನೇರ ಹೊಟ್ಟೆ ತೆರೆದವರಲ್ಲಿ ಶೇ 69 ಮಂದಿಗೆ ದೊಡ್ಡ ತೊಡಕು ಇಲ್ಲವೇ ಸಾವು. ಮೊದಲು ಟ್ಯೂಬ್, ಸಾಲದಿದ್ದರೆ ಕೀಹೋಲ್ (ಸಣ್ಣ ತೂತಿನ ಆಪರೇಷನ್) ಅಂತ ಹಂತಹಂತವಾಗಿ ಹೋದವರಲ್ಲಿ ಅದು ಶೇ 40. ಅವರಲ್ಲೂ ಶೇ 35 ಮಂದಿಗೆ ಟ್ಯೂಬೇ ಸಾಕಾಯಿತು. ಸಾವಿನ ಪ್ರಮಾಣದಲ್ಲಿ ಮಾತ್ರ ಅಂಥ ವ್ಯತ್ಯಾಸ ಇರಲಿಲ್ಲ, ಅದನ್ನೂ ಹೇಳಿಬಿಡಬೇಕು. ನಿಮ್ಮವರಿಗೆ ಜ್ವರ, ವಾಂತಿ, ಕಾಮಾಲೆ ಬರದಿದ್ದರೆ ಟ್ಯೂಬೂ ಬೇಕಾಗದೆ ಹೋಗಬಹುದು.

ಮೈಸೂರಿನಿಂದ:
ನನಗೇ ಆಗಿತ್ತು ಮೇಡಂ. ನೀರು ಜಠರಕ್ಕೆ ಅಂಟಿಕೊಂಡೇ ಇದ್ದಿದ್ದರಿಂದ ಬಾಯಿಂದ ಎಂಡೋಸ್ಕೋಪ್ ಬಿಟ್ಟು, ಜಠರದ ಹಿಂದಿನ ಗೋಡೆಗೆ ತೂತು ಮಾಡಿ ಆ ದಾರಿ ತೆರೆದಿಡೋ ಲೋಹದ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಇಟ್ಟರು. ಕೀವು ಒಳಗೇ ಇಳಿಯುತ್ತೆ, ಬ್ಯಾಗಿನ ರಗಳೆ ಇಲ್ಲ. ಸತ್ತ ಚೂರು ತೆಗೆಯೋಕೆ ಅದೇ ದಾರಿಯಲ್ಲಿ ಮತ್ತೆ ಹೋಗಬೇಕಾಯಿತು. ಈ ಸ್ಟೆಂಟನ್ನು ಸಾಮಾನ್ಯವಾಗಿ 3-4 ವಾರಕ್ಕೆ ಸ್ಕ್ಯಾನ್ ನೋಡಿ ತೆಗೀತಾರೆ. ಮರೆತು ಬಿಟ್ಟರೆ ರಕ್ತನಾಳಕ್ಕೆ ಉಜ್ಜಿ ರಕ್ತಸ್ರಾವ ಆಗಬಹುದು. ತೆಗೆಯೋ ತಾರೀಕನ್ನು ಡಿಸ್ಚಾರ್ಜ್ ಶೀಟಿನಲ್ಲೇ ಬರೆಸಿಕೊಳ್ಳಿ. ಸ್ಟೆಂಟ್ ದುಬಾರಿ, ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿ.

ಅಮ್ಮನನ್ನು ನೋಡಿಕೊಂಡವಳು:
ಯಾರೂ ಊಟದ ಮಾತೇ ಎತ್ತಲಿಲ್ಲ! ಬಾಯಿಂದ ತಿನ್ನೋಕಾಗದೆ ಮೂಗಿನ ನಳಿಕೆ ಹಾಕ್ತೀವಿ ಅಂದರೆ ಬೇಡ ಅನ್ನಬೇಡಿ ಅಕ್ಕ. ರಕ್ತನಾಳದ ಮೂಲಕ ಕೊಡೋ ಆಹಾರಕ್ಕಿಂತ ಇದರಲ್ಲಿ ಸೋಂಕು ಕಡಿಮೆ. ಮನೆಗೆ ಬಂದ ಮೇಲೆ ಮಲ ಜಿಡ್ಡಾಗಿ ತೇಲಿದರೆ ಡಾಕ್ಟರಿಗೆ ಹೇಳಿ, ಜೀರ್ಣಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಕೊಡ್ತಾರೆ, ಅದನ್ನು ಊಟದ ಜೊತೆಗೇ ನುಂಗಬೇಕು. ಶುಗರ್ ನೋಡಿಸ್ತಾ ಇರಿ. ಪಿತ್ತಕೋಶ ಯಾವಾಗ ತೆಗೀತೀರಿ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಕಲ್ಲು ಅಲ್ಲೇ ಉಳಿದರೆ ಇದು ಮತ್ತೆ ಬರಬಹುದು.