ಕಣಜ ಕಚ್ಚಿ ಮಗುವಿನ ಕೈ ಮೊಣಕೈವರೆಗೂ ಊದಿದೆ. ಮುಂದಿನ ಸಲ ಜೀವಕ್ಕೇ ಅಪಾಯವೇ?

ಗುಬ್ಬಚ್ಚಿಗೂಡು:
ಮಗುವಿಗೆ 6 ವರ್ಷ, ತೂಕ 20 ಕಿಲೋ. ಮೊನ್ನೆ ಮಧ್ಯಾಹ್ನ ಅಂಗೈ ಹಿಂಬದಿಗೆ ಕಣಜ ಕಚ್ಚಿತು. ಅವತ್ತು ಸಣ್ಣ ಬಾವು, ಅಷ್ಟೇ. ನಿನ್ನೆ ಬೆಳಿಗ್ಗೆಯಿಂದ ಬೆರಳುಗಳಿಂದ ಹಿಡಿದು ಮೊಣಕೈವರೆಗೂ ಊದಿ ಕೆಂಪಾಗಿದೆ, ಮುಟ್ಟಿದರೆ ಬಿಸಿ, ವಿಪರೀತ ತುರಿಕೆ. ಜ್ವರವಿಲ್ಲ, ಉಸಿರಾಟ ಸರಿಯಾಗಿದೆ, ಊಟ ಆಟ ಎಂದಿನಂತೆಯೇ. ಇದು ಅಲರ್ಜಿಯೋ, ನಂಜಾಗಿದೆಯೋ? ಆಂಟಿಬಯೋಟಿಕ್ ಬೇಕೇ? ಪ್ರತಿ ಸಲ ಕಚ್ಚಿದಾಗಲೂ ಹಿಂದಿನದಕ್ಕಿಂತ ಜೋರಾಗುತ್ತದೆ ಅನ್ನುತ್ತಾರಲ್ಲ, ಅದು ನಿಜವೇ?

ತುಂಬೆಹೂ:
ನೀವು ಹೇಳಿದ ಲಕ್ಷಣಗಳೆಲ್ಲ ಕಚ್ಚಿದ ಜಾಗಕ್ಕೆ ಅಂಟಿಕೊಂಡೇ ಇವೆ. ಬಾವು 10 ಸೆಂ.ಮೀ. ಮೀರಿ ಹರಡಿ ಒಂದು ದಿನಕ್ಕಿಂತ ಹೆಚ್ಚು ಉಳಿದರೆ ಅದಕ್ಕೆ ‘ದೊಡ್ಡ ಸ್ಥಳೀಯ ಪ್ರತಿಕ್ರಿಯೆ’ ಎಂದು ಹೆಸರು. ಅಲರ್ಜಿಯೇ ಹೌದು, ಆದರೆ ಉಸಿರು ಕಟ್ಟಿಸುವ ಬಗೆಯದ್ದಲ್ಲ. 24ರಿಂದ 48 ಗಂಟೆಯೊಳಗೆ ಬಾವು ಏರಬೇಕಾದಷ್ಟು ಏರುತ್ತದೆ, ಪೂರ್ತಿ ಇಳಿಯಲು 5ರಿಂದ 10 ದಿನ ಬೇಕು. ಮಣಿಕಟ್ಟು ದಾಟಿ ಮೊಣಕೈ ಮುಟ್ಟುವುದು ಹೊಸದೇನಲ್ಲ.

ಆಂಟಿಬಯೋಟಿಕ್ ವಿಷಯ. ಮೊದಲ ಎರಡು ದಿನದ ಕೆಂಪು, ಬಿಸಿ, ಊತ ಇವೆಲ್ಲ ವಿಷಕ್ಕೆ ದೇಹ ಕೊಡುವ ಉತ್ತರ. ಅದನ್ನೇ ನಂಜು ಎಂದುಕೊಂಡು ಸುಮ್ಮನೆ ಔಷಧಿ ಕೊಡುವುದು ತುಂಬ ಸಾಮಾನ್ಯ. ನಿಜವಾದ ನಂಜು ಹೆಚ್ಚಾಗಿ ಮೂರ್ನಾಲ್ಕು ದಿನ ಕಳೆದ ಮೇಲೆ ಶುರುವಾಗುತ್ತದೆ. ಇಳಿಯುತ್ತಿದ್ದ ನೋವು ಮತ್ತೆ ಏರುತ್ತದೆ, ಜ್ವರ ಬರುತ್ತದೆ, ಕೀವು ಕಾಣುತ್ತದೆ. ಬಾವಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಆದರೆ ಎರಡನೇ ದಿನ ಗೆರೆ ದಾಟಿತೆಂದು ಗಾಬರಿಯಾಗಬೇಡಿ. ಮೂರನೇ ದಿನದ ನಂತರವೂ ದಾಟುತ್ತಲೇ ಇದ್ದರೆ ವೈದ್ಯರಿಗೆ ತೋರಿಸಿ.

ಈಗ ಮಾಡಬೇಕಾದ್ದು: ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10-15 ನಿಮಿಷ, ದಿನಕ್ಕೆ ಹಲವು ಸಲ. ಕೈಯನ್ನು ದಿಂಬಿನ ಮೇಲೆ ಎತ್ತಿಡಿ. ಉಂಗುರ, ಬಳೆ, ವಾಚು ಇದ್ದರೆ ತಕ್ಷಣ ತೆಗೆಯಿರಿ, ಊದಿದ ಮೇಲೆ ಕತ್ತರಿಸಬೇಕಾಗುತ್ತದೆ. ತುರಿಕೆಗೆ ಸೆಟಿರಿಜಿನ್, 6 ವರ್ಷದ ಮಗುವಿಗೆ 5 ಮಿ.ಗ್ರಾಂ. ನೋವಿಗೆ ಪ್ಯಾರಾಸಿಟಮಾಲ್, ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಒಂದು ಸಲಕ್ಕೆ 300 ಮಿ.ಗ್ರಾಂ., ಎರಡು ಡೋಸ್ ನಡುವೆ 6 ಗಂಟೆ ಬಿಡಿ. ಸಿರಪ್ ಬಾಟಲಿಯ ಮೇಲೆ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂದು ಓದದೆ ಚಮಚ ಎಣಿಸಬೇಡಿ, ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ.

ಅರಳಿಕಟ್ಟೆ:
ಮೂರನೇ ಪ್ರಶ್ನೆ ಉಳಿಯಿತು. ‘ಪ್ರತಿ ಸಲ ಜೋರಾಗುತ್ತದೆ’ ಎಂಬುದು ನಿಜವಲ್ಲ. ದೊಡ್ಡ ಬಾವು ಬಂದವರಿಗೆ ಮುಂದೆಯೂ ಹೆಚ್ಚಾಗಿ ಅಂಥದೇ ಬಾವು ಬರುತ್ತದೆ. ಇಡೀ ದೇಹಕ್ಕೆ ಹರಡುವ ಪ್ರತಿಕ್ರಿಯೆಯ ಸಾಧ್ಯತೆ ಸುಮಾರು 5ರಿಂದ 10%, ಅದರಲ್ಲೂ ಬಹುಪಾಲು ಮೈಮೇಲಿನ ಗಂದೆಯಷ್ಟರಲ್ಲೇ ಮುಗಿಯುತ್ತದೆ.

ರಕ್ತ ಪರೀಕ್ಷೆ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಬರೀ ಸ್ಥಳೀಯ ಬಾವಿಗೆ ವಿಷದ ಐಜಿಇ (ಅಲರ್ಜಿಯ ಪ್ರತಿಕಾಯ) ಪರೀಕ್ಷೆ ಬೇಡ. ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರಲ್ಲೂ ಅದು ಪಾಸಿಟಿವ್ ಬರುತ್ತದೆ. ಆಮೇಲೆ ಆ ಕಾಗದ ಹಿಡಿದುಕೊಂಡು ವರ್ಷಗಟ್ಟಲೆ ಹೆದರುವುದೊಂದೇ ಲಾಭ. ಪರೀಕ್ಷೆ ಬೇಕಾಗುವುದು ಉಸಿರಾಟಕ್ಕೋ ರಕ್ತದೊತ್ತಡಕ್ಕೋ ಪೆಟ್ಟು ಬಿದ್ದವರಿಗೆ. ಅವರಿಗೂ ಕಚ್ಚಿ 4ರಿಂದ 6 ವಾರ ಬಿಟ್ಟು ಮಾಡುತ್ತಾರೆ, ಬೇಗ ಮಾಡಿದರೆ ಸುಳ್ಳು ನೆಗೆಟಿವ್ ಬರಬಹುದು. ಅಂಥವರಿಗೆ ವಿಷದ ಇಮ್ಯುನೋಥೆರಪಿ ಇದೆ, ಅಂದರೆ ಆ ವಿಷವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವುದು. ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ 100 ಮೈಕ್ರೋಗ್ರಾಂವರೆಗೆ ಏರಿಸಿ, ಆಮೇಲೆ ಕೆಲವು ವಾರಗಳಿಗೊಮ್ಮೆ 3ರಿಂದ 5 ವರ್ಷ ಚುಚ್ಚುತ್ತಾರೆ.

ಇನ್ನೊಂದು, ಕಚ್ಚಿದ್ದು ಕಣಜವೇ ಎಂದು ಖಚಿತವೇ? ಚರ್ಮದಲ್ಲಿ ಮುಳ್ಳು ಉಳಿದಿದ್ದರೆ ಅದು ಜೇನು. ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ, ಹಾಗಾಗಿ ಒಂದೇ ಹುಳ ಹಲವು ಸಲ ಚುಚ್ಚಬಲ್ಲದು. ಎರಡರ ವಿಷವೂ ಬೇರೆ. ಮುಂದೆಂದಾದರೂ ಚಿಕಿತ್ಸೆ ಬೇಕಾದರೆ ಈ ವಿವರ ಬಹಳ ಮುಖ್ಯ, ಬರೆದಿಟ್ಟುಕೊಳ್ಳಿ.

ಗುಬ್ಬಚ್ಚಿಗೂಡು:
ತುಂಬ ಸಮಾಧಾನವಾಯಿತು. ಮುಳ್ಳು ಇರಲಿಲ್ಲ. ಆದರೂ ಆ 5-10%ದ ಬಗ್ಗೆ ಕೇಳುತ್ತೇನೆ: ಯಾವುದನ್ನು ನೋಡಿದ ತಕ್ಷಣ ಓಡಬೇಕು? ಗಂದೆ ಎದ್ದರೂ ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಬೇಕೇ? ಶಾಲೆಯವರಿಗೆ ಏನೆಂದು ಬರೆದುಕೊಡಲಿ?

ನೀರಗಂಟಿ:
ಬಾವು ಎಷ್ಟು ದೊಡ್ಡದು ಎಂದು ನೋಡಬೇಡಿ, ಕಚ್ಚಿದ ಜಾಗದಿಂದ ದೂರದಲ್ಲಿ ಏನಾಗುತ್ತಿದೆ ಎಂದು ನೋಡಿ. ಕೈಗೆ ಕಚ್ಚಿದಾಗ ಹೊಟ್ಟೆ, ಬೆನ್ನ ಮೇಲೆ ಬರೀ ಗಂದೆ ಎದ್ದು ಮಗು ಚೆನ್ನಾಗಿದ್ದರೆ ಸೆಟಿರಿಜಿನ್ ಕೊಟ್ಟು, ಒಂಟಿಯಾಗಿ ಬಿಡದೆ ಕಾಯಿರಿ, ವೈದ್ಯರಿಗೆ ತೋರಿಸಿ. ದನಿ ಒರಟಾಗುವುದು, ನಾಲಿಗೆ ಊದುವುದು, ನುಂಗಲಾಗದೆ ಜೊಲ್ಲು ಸುರಿಯುವುದು, ಬಿಡದ ಕೆಮ್ಮು, ಉಸಿರಲ್ಲಿ ಸುಯ್ ಸದ್ದು, ತಲೆಸುತ್ತು, ಮಗು ಬಿಳಿಚಿಕೊಂಡು ಜೋತುಬೀಳುವುದು, ಇವುಗಳಲ್ಲಿ ಒಂದು ಕಂಡರೂ ಅಡ್ರಿನಲಿನ್ ಬೇಕು. ಹುಳ ಕಚ್ಚಿದ ಮೇಲಿನ ವಾಂತಿ, ಹೊಟ್ಟೆನೋವನ್ನೂ ಇದೇ ಸಾಲಿಗೆ ಸೇರಿಸಿ. ಗಂದೆ ಇಲ್ಲ ಎಂಬ ಕಾರಣಕ್ಕೆ ಕಾಯುತ್ತ ಕೂರಬೇಡಿ, ಚರ್ಮದಲ್ಲಿ ಏನೂ ಕಾಣದೆಯೂ ರಕ್ತದೊತ್ತಡ ಕುಸಿಯಬಹುದು. ತೀವ್ರ ಪ್ರತಿಕ್ರಿಯೆ ಬರುವುದಾದರೆ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಬರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಸೆಟಿರಿಜಿನ್ ಕೊಟ್ಟು ‘ನೋಡೋಣ’ ಎನ್ನುವುದು. ಆ ಮಾತ್ರೆ ತುರಿಕೆ ಇಳಿಸುತ್ತದೆ, ಗಂಟಲಿನ ಊತವನ್ನಲ್ಲ. ಎರಡನೆಯದು, ಮಗುವನ್ನು ಎಬ್ಬಿಸಿ ನಡೆಸುವುದು. ಮಲಗಿಸಿ ಕಾಲು ಎತ್ತಿಡಿ, ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಆಂಬುಲೆನ್ಸ್‌ವರೆಗೂ ನಡೆಸದೆ ಎತ್ತಿಕೊಂಡೇ ಹೋಗಿ.

ಅಡ್ರಿನಲಿನ್ ಕಿಲೋಗೆ 0.01 ಮಿ.ಗ್ರಾಂ., ತೊಡೆಯ ಹೊರಬದಿಯ ಸ್ನಾಯುವಿಗೆ. ನಿಮ್ಮ ಮಗುವಿನ ತೂಕಕ್ಕೆ 0.2 ಮಿ.ಗ್ರಾಂ., ಅಂದರೆ 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಪುಟ್ಟ ಗಾಜಿನ ಆಂಪೂಲ್‌ನಿಂದ 0.2 ಮಿ.ಲೀ. ಆಟೋ-ಇಂಜೆಕ್ಟರ್ (ಔಷಧಿ ತುಂಬಿಟ್ಟ, ಪೆನ್ನಿನಂಥ ಇಂಜೆಕ್ಷನ್) ಆದರೆ ಈ ತೂಕಕ್ಕೆ 0.15 ಮಿ.ಗ್ರಾಂ.ನದ್ದು. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ಆಂಪೂಲ್ ಇಟ್ಟುಕೊಳ್ಳುವವರು ಇನ್ಸುಲಿನ್ ಸಿರಿಂಜ್ ಬಳಸಬೇಡಿ, ಅದರ ಗೆರೆಗಳು ಯೂನಿಟ್ಟಿನವು, ಸೂಜಿಯೂ ಸ್ನಾಯು ಮುಟ್ಟುವಷ್ಟು ಉದ್ದವಿರುವುದಿಲ್ಲ. ಪೆನ್ ಚುಚ್ಚುವಾಗ ಮಗು ಒದೆಯುತ್ತದೆ, ಸೂಜಿ ಎಳೆದು ಚರ್ಮ ಹರಿಯುತ್ತದೆ. ಮೊದಲು ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಪೆನ್ನಿನ ಯಾವ ತುದಿಯ ಮೇಲೂ ಹೆಬ್ಬೆರಳು ಇಡಬೇಡಿ, ತಲೆಕೆಳಗಾಗಿ ಹಿಡಿದು ತಮ್ಮ ಬೆರಳಿಗೇ ಚುಚ್ಚಿಕೊಳ್ಳುವವರಿದ್ದಾರೆ. ಬಟ್ಟೆಯ ಮೇಲಿಂದಲೇ ಚುಚ್ಚಬಹುದು, ಜೇಬಿನಲ್ಲಿ ಏನೂ ಇರಬಾರದು. ಆಮೇಲೆ ಮಗು ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಲಕ್ಷಣ ಮರುಕಳಿಸಬಹುದು.

ಇಷ್ಟೆಲ್ಲ ಬರೆದದ್ದು ಗೊತ್ತಿರಲಿ ಎಂದು. ಬರೀ ಕೈ ಊದಿದ ಮಗುವಿಗೆ ಸಾಮಾನ್ಯವಾಗಿ ಪೆನ್ ಬರೆದುಕೊಡುವುದಿಲ್ಲ. ಆಸ್ತಮಾ ಇದ್ದರೆ ಅಥವಾ ಆಸ್ಪತ್ರೆ ತುಂಬ ದೂರವಿದ್ದರೆ ವೈದ್ಯರ ಬಳಿ ಚರ್ಚಿಸಿ.

ಶಾಲೆಯ ಚೀಟಿ ಚಿಕ್ಕದಾಗಿರಲಿ, ಉದ್ದವಿದ್ದರೆ ಯಾರೂ ಓದುವುದಿಲ್ಲ: ಹುಳ ಕಚ್ಚಿದರೆ ಮೊದಲು ಅಲ್ಲಿಂದ ದೂರ ಕರೆದೊಯ್ಯಿರಿ. ಮುಳ್ಳು ಕಂಡರೆ ಉಗುರಿಂದಲೋ ಬೆರಳಿಂದಲೋ ಕೂಡಲೇ ತೆಗೆಯಿರಿ, ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದೇ ಮುಖ್ಯ. ಒಂದು ಗಂಟೆ ಕಣ್ಣೆದುರೇ ಇರಿಸಿಕೊಳ್ಳಿ. ಬಾಯೊಳಗೆ ಕಚ್ಚಿದ್ದರೆ, ಒಟ್ಟಿಗೆ ಹತ್ತಾರು ಹುಳ ಕಚ್ಚಿದ್ದರೆ ಅಥವಾ ಮೇಲಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ಮೊದಲು ಆಂಬುಲೆನ್ಸ್‌ಗೆ, ಆಮೇಲೆ ನಮಗೆ ಫೋನ್ ಮಾಡಿ.